ಯಾರಿಗೂ ಬೇಡವಾದ ಹಂದಿ, ಎಲ್ಲರಿಗೂ ಬೇಕಾದ ಹುಲಿ

ಗೋಕಾಕದ ಒಂದು ಸರಾಫ ಅಂಗಡಿಯಲ್ಲಿ ಮೂವತ್ತೆರಡು ವರ್ಷ ನಾನು ಮಾಡಿದ ಕೆಲಸ ಒಂದೇ. ಜನ ತಂದ ಬೆಳ್ಳಿ ಬಂಗಾರ ಖರೆಯೋ ಖೋಟಾವೋ ಎಂದು ಹೇಳುವುದು. ಈ ಕೆಲಸದಲ್ಲಿ ಗೆಳೆತನ ಬೆಳೆಯುವುದು ಕಡಿಮೆ. ಖರೆ ಎಂದು ಹೇಳಿದರೆ ‘ನಮಗ ಮೊದ್ಲ ಗೊತ್ತಿತ್ತು’ ಎನ್ನುತ್ತಾರೆ. ಖೋಟಾ ಎಂದರೆ ‘ಈ ಹೆಣ್ಣಮಗಳಿಗೆ ಏನ್ ತಿಳಿತೈತಿ’ ಎಂದು ಎದ್ದು ಹೋಗುತ್ತಾರೆ. ನನ್ನ ಜಾಗಕ್ಕೆ ಈಗ ಸೇರಿರುವ ಹುಡುಗಿಯರಿಬ್ಬರು ‘ಬಾಯಾರ, ನಿಮ್ಮ ಅನುಭವ ಬರದು ಕೊಡ್ರಿ’ ಎಂದು ಗಂಟುಬಿದ್ದಿದ್ದಾರೆ. ಓದಿದ ಮೇಲೂ ಅವರು ಕೆಲಸ ಬಿಡದಿದ್ದರೆ ಒಳ್ಳೆಯದು.

ನಮ್ಮಪ್ಪ ಪತ್ತಾರ, ಬೆಳ್ಳಿ ಬಂಗಾರದ ಕಸುಬಿನವ. ಅಣ್ಣಂದಿರು ಒಲೆಯ ಮುಂದೆ ಕೂಡಲು ಒಲ್ಲೆ ಎಂದು ನೌಕರಿ ಹಿಡಿದರು. ಒರೆಗಲ್ಲು ನನ್ನ ಕೈಗೆ ಬಂತು. ಅಂಗಡಿಯ ಸಾವ್ಕಾರರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದಕ್ಕೆ ಎರಡು ಕಾರಣ. ಹೆಣ್ಣುಮಕ್ಕಳು ಕೊರಳಿನ ಬೋರಮಾಳ ಬಿಚ್ಚಿ ಗಂಡಸರ ಕೈಗೆ ಕೊಡಲು ನಾಚುತ್ತಿದ್ದರು ಎಂಬುದು ಅವರು ಹೇಳಿದ ಕಾರಣ. ಗಂಡಸಿಗೆ ಕೊಡುವುದಕ್ಕಿಂತ ಕಡಿಮೆ ಪಗಾರ ಕೊಟ್ಟರೂ ನಾನು ಬರುತ್ತೇನೆ ಎಂಬುದು ಹೇಳದ ಕಾರಣ. ಮೊದಲ ದಿನ ಕೊಟ್ಟ ಸ್ಟೂಲಿನಿಂದ ಕುರ್ಚಿಗೆ ನಾನು ಯಾವಾಗ ಬಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಲಾಭವಾದದ್ದು ನನ್ನ ಬೆನ್ನಿಗೆ ಮಾತ್ರ.

ಅಂಗಡಿಗೆ ಮೂಡಲಗಿಯಲ್ಲೊಂದು, ಹುಕ್ಕೇರಿಯಲ್ಲೊಂದು ಶಾಖೆ ಇದ್ದವು. ಮೂಡಲಗಿಗೆ ಬುಧವಾರ, ಹುಕ್ಕೇರಿಗೆ ಶುಕ್ರವಾರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನೋಡಿದ ಬಂಗಾರವನ್ನೆಲ್ಲ ಮರೆತಿದ್ದೇನೆ. ಮರೆಯದೆ ಉಳಿದದ್ದು ಚೀನಾದವರ ಹನ್ನೆರಡು ಪ್ರಾಣಿಗಳ ಬೆಳ್ಳಿ ನಾಣ್ಯಗಳು. ನಮ್ಮ ಮೂರು ಊರಿನ ಜನ, ಅವರ ಜೊತೆಗೆ ನಾನು, ಎಷ್ಟು ಜಾಣರು ಎಂಬುದನ್ನು ತೋರಿಸಿಕೊಟ್ಟವು ಅವೇ.

ಮೊದಲ ನಾಣ್ಯ ತಂದವರು ಬೆಲ್ಲದ ಬಾಗೇವಾಡಿಯ ಗುರುಸಿದ್ದಪ್ಪ ಮಾಸ್ತರರು. ಭೂಗೋಳ ಕಲಿಸಿ ನಿವೃತ್ತರಾದವರು. ಮುಂಬೈಯ ಒಬ್ಬ ವ್ಯಾಪಾರಿಯಿಂದ ಅಂಚೆಯಲ್ಲಿ ವರ್ಷಕ್ಕೊಂದು ನಾಣ್ಯ ತರಿಸುತ್ತಿದ್ದರು. ಪಾರದರ್ಶಕ ಪ್ಲಾಸ್ಟಿಕ್ಕಿನ ಗುಂಡನೆಯ ಡಬ್ಬಿಯೊಳಗೆ ಒಂದು ಬೆಳ್ಳಿ ಬಿಲ್ಲೆ, ಅದರ ಮೇಲೆ ಓಡುವ ಕುದುರೆ.

“ಚೀನಾದವರು ವರ್ಷಕ್ಕೊಂದು ಪ್ರಾಣಿ ಹೆಸರು ಇಡ್ತಾರ್ರಿ ಬಾಯಾರ” ಎಂದರು ಮಾಸ್ತರರು. “ಇಲಿ, ಎತ್ತು, ಹುಲಿ, ಮೊಲ ಹಿಂಗ ಹನ್ನೆರಡು. ಹನ್ನೆರಡು ಮುಗದ ಮ್ಯಾಲ ಮತ್ತ ಇಲಿ. ನನ್ನ ಹಂತ್ಯಾಕ ಒಂಬತ್ತು ಪ್ರಾಣಿ ಅದಾವು. ಈ ಕುದರಿ ಬೆಳ್ಳಿ ಹೌದೋ ಅಲ್ಲೋ, ಅಷ್ಟ ಹೇಳ್ರಿ.”

ಇಷ್ಟು ಹೇಳಿ ಅವರು ಚಷ್ಮಾ ಹುಡುಕಲು ಚೀಲಕ್ಕೆ ಕೈ ಹಾಕಿದರು. ಕೈ ಹೊರಗೆ ತೆಗೆಯುವುದರೊಳಗೆ ನಾನು ಇಕ್ಕಳದಿಂದ ಡಬ್ಬಿ ಒಡೆದು, ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಮ್ಲದ ಹನಿ ಬಿಟ್ಟು, ಅದಕ್ಕೆ ಉಪ್ಪಿನ ನೀರು ತಾಗಿಸಿದ್ದೆ. ಗೆರೆ ಮೊಸರಿನಂತೆ ಬೆಳ್ಳಗಾಯಿತು. ಅಪ್ಪ ಕಲಿಸಿದ ಕಸುಬು, ತಪ್ಪುವುದಿಲ್ಲ.

“ಅಪ್ಪಟ ಬೆಳ್ಳಿ ರಿ ಮಾಸ್ತರ್” ಎಂದೆ, ಬಹುಮಾನ ಕೊಡುವವಳಂತೆ.

ಮಾಸ್ತರರು ಚಷ್ಮಾ ಏರಿಸಿ ನಾಣ್ಯ ನೋಡಿದರು. ಬೆಳಕಿಗೆ ಹಿಡಿದು ತಿರುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, “ಕುದರಿ ಬೆನ್ನ ಮ್ಯಾಲ ಏನ್ ಮಾಡಿದ್ರಿ ಇದು?”

ಕನ್ನಡಿಯಂತಿದ್ದ ನಾಣ್ಯದ ಮೇಲೆ ನನ್ನ ಉಜ್ಜಿದ ಗುರುತು, ನನ್ನ ಬೆರಳಿನ ಎಣ್ಣೆಯ ಗುರುತು. “ಬಾಯಾರ, ಇದನ್ನ ಇಲ್ಲೀತನಕ ಯಾರೂ ಮುಟ್ಟಿದ್ದಿಲ್ಲ. ಆ ಮುಟ್ಟದ ಇದ್ದದ್ದಕ್ಕ ಇದರ ಬೆಲಿ ಇತ್ತು. ಈಗ ಇದು ಬರೇ ಬೆಳ್ಳಿ ಆತು” ಎಂದರು. ಮುಟ್ಟದೆ ಇಟ್ಟದ್ದಕ್ಕೆ ಬೆಲೆ ಎಂಬ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮಲ್ಲಿ ಬೆಳ್ಳಿ ಕಪ್ಪಾದರೆ ಬೂದಿ, ಹುಣಸೆಹುಳಿ ಹಚ್ಚಿ ತಿಕ್ಕುವುದೇ ಮರ್ಯಾದೆ.

ಗಲ್ಲೆಯ ಮೇಲೆ ಹಣ ಎಣಿಸುತ್ತ ಕೂತಿದ್ದ ಸಾವ್ಕಾರರು ಅಲ್ಲಿಂದಲೇ ತೀರ್ಪು ಕೊಟ್ಟರು. “ತಿಕ್ಕಿದ್ರ ಏನಾತ್ರಿ ಮಾಸ್ತರ? ಬೆಳ್ಳಿ ಬೆಳ್ಳಿನ ಐತೆಲ್ಲ! ಕುದರಿ ಓಡಿ ಹೋಗಿಲ್ಲೆಲ್ಲ!”

ಬೇರೊಂದು ಕುದುರೆ ತರಿಸಿಕೊಡುತ್ತೇನೆ ಎಂದೆ. ಮಾಸ್ತರರು ಬೇಡವೆಂದರು. “ನನ್ನ ಕ್ಲಾಸಿನಾಗ ಭೂಪಟ ಹರದ ಹುಡುಗರನ್ನ ನಾ ಹೊಡದಿಲ್ಲ. ನಿಮಗ ಏನ್ ಅನ್ಲಿ?” ಎಂದು ಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಗೋಕಾಕಕ್ಕೆ ಬಂದಾಗಲೆಲ್ಲ ಒಂದು ಭೂತಗನ್ನಡಿ ತಂದು, ಅಂಚಿನಲ್ಲಿ ಹೇಗೆ ಹಿಡಿಯಬೇಕು, ಪ್ರಾಣಿಯ ಕೂದಲು ಎಷ್ಟು ಚೂಪಾಗಿ ಮೂಡಿರಬೇಕು ಎಂದೆಲ್ಲ ನನಗೆ ಕಲಿಸಿದರು. ನಾನು ಕಲಿತೆ. ಅದರ ಜೊತೆಗೆ ಒಂದು ತಪ್ಪು ಪಾಠವನ್ನೂ ಕಲಿತೆ. ಡಬ್ಬಿಯನ್ನು ಎಂದಿಗೂ ಒಡೆಯಬಾರದು ಎಂಬ ಪಾಠ. ಅದು ಏನು ಮಾಡಿತು ಎಂಬುದು ಮುಂದೆ ಬರುತ್ತದೆ.

ಮಾಸ್ತರರು ನನಗೆ ಕಲಿಸುವಾಗ ಸಾವ್ಕಾರರು ಕಿವಿ ಇತ್ತ ಇಟ್ಟಿದ್ದರು. ಅದೇ ಬೆಳ್ಳಿಯನ್ನು ಬಿಲ್ಲೆ ಮಾಡಿ, ಮೇಲೆ ಒಂದು ಪ್ರಾಣಿ ಕೂಡಿಸಿ, ಡಬ್ಬಿಯಲ್ಲಿ ಹಾಕಿದರೆ ಬೆಲೆ ಎಷ್ಟೋ ಪಟ್ಟು ಆಗುತ್ತದೆ ಎಂದು ತಿಳಿದ ದಿನ ಅವರು ಮಧ್ಯಾಹ್ನದ ನಿದ್ದೆ ಮಾಡಲಿಲ್ಲ. ತಿಂಗಳೊಳಗೆ ನಾಣ್ಯಗಳ ಮೊದಲ ಪೆಟ್ಟಿಗೆ ಬಂತು. ಹಿಂದೆಯೇ ಬೋರ್ಡು ಬಂತು: ‘ನಿಮ್ಮ ಹುಟ್ಟಿದ ವರ್ಷದ ಪ್ರಾಣಿ ಯಾವುದು? ಒಳಗೆ ಬನ್ನಿ.’

“ಬಾಯಾರ, ನಿಮ್ಮ ಅಕ್ಷರ ಚಂದ ಅದಾವು. ಯಾವ ವರ್ಷಕ್ಕ ಯಾವ ಪ್ರಾಣಿ, ಯಾವ ಪ್ರಾಣಿಗೆ ಎಂಥಾ ಸ್ವಭಾವ, ದೊಡ್ಡ ಹಾಳಿ ಮ್ಯಾಲ ಬರೀರಿ” ಎಂದರು ಸಾವ್ಕಾರರು.

ವರ್ಷಗಳ ಪಟ್ಟಿಯನ್ನು ಮಾಸ್ತರರಿಂದ ತೆಗೆದುಕೊಂಡೆ. ಸ್ವಭಾವ ಎಲ್ಲಿಂದ ತರುವುದು? ಸಾವ್ಕಾರರು ಹಲ್ಲು ಚುಚ್ಚಿಕೊಳ್ಳುತ್ತ ಹೇಳಿದರು, ನಾನು ಬರೆದೆ. ‘ಹುಲಿ: ಧೈರ್ಯ, ಸಿಟ್ಟು, ಅಧಿಕಾರ. ಕುರಿ: ಸೌಮ್ಯ, ಹೇಳಿದಂತೆ ಕೇಳುವ ಗುಣ. ಕೋಳಿ: ಬೇಗ ಏಳುವವರು.’ ಇದೇ ಶಾಸ್ತ್ರ. ಹುಟ್ಟಿದ್ದು ಗೋಕಾಕದ ಗಲ್ಲೆಯ ಮೇಲೆ, ಊಟವಾದ ಮೇಲೆ. ಮೂರು ಪ್ರತಿ ಮಾಡಿ ಮೂರೂ ಅಂಗಡಿಯ ಗೋಡೆಗೆ ಅಂಟಿಸಿದೆ.

ಹುಟ್ಟಿದ ವರ್ಷ ಕೇಳಿದ ಕೂಡಲೇ ತೊಡಕು ಶುರುವಾಯಿತು. ನಮ್ಮ ಕಡೆಯ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಮಾಸ್ತರರಿಗೆ ಇದನ್ನು ಹೇಳಿದರೆ ನಕ್ಕರು. “ಆ ಜೂನ್ ಒಂದು ನಾವ ಬರದದ್ರಿ ಬಾಯಾರ. ಸಾಲಿಗೆ ಹೆಸರು ಹಚ್ಚಾಕ ಬಂದಾಗ ಹುಡುಗ ಕೈ ತಲಿ ಮ್ಯಾಲಿಂದ ಹಾಸಿ ಆ ಕಡೆ ಕಿವಿ ಹಿಡದಾ ಅಂದ್ರ ಆರು ವರ್ಷ ಅಂತ ಬರೀತಿದ್ವಿ. ಪಾಪ, ಚೀನಾದವರಿಗೆ ಇದೇನ್ ಗೊತ್ತು?”

ವರ್ಷ ಗೊತ್ತಿಲ್ಲದ ಗಿರಾಕಿಗಳು ತಮಗೆ ಬೇಕಾದ ವರ್ಷ ಆರಿಸಿಕೊಂಡರು. ಗಂಡಸರೆಲ್ಲ ಹುಲಿಯ ವರ್ಷದಲ್ಲೇ ಹುಟ್ಟಿದ್ದರು. ಉಳಿದ ಪ್ರಾಣಿಗಳನ್ನು ಸಾಗಿಸುವ ಜಾಣತನ ಸಾವ್ಕಾರರದು. “ಇಲಿ ಅಲ್ರಿ, ಗಣಪ್ಪನ ವಾಹನ.” “ಎತ್ತು ಅನಬ್ಯಾಡ್ರಿ, ಬಸವಣ್ಣ.” “ಇದು ಮಂಗ್ಯಾ ಅಲ್ಲವಾ, ಹಣಮಪ್ಪ.” ಶ್ರಾವಣದಲ್ಲಿ ಹಾವು ಚೆನ್ನಾಗಿ ಹೋಯಿತು. ಒಬ್ಬ ಅವ್ವ ಪಂಚಮಿಯ ದಿನ ಡಬ್ಬಿಯ ಸಂದಿಗೆ ಹಾಲೆರೆದು, ಎರಡು ವಾರದ ಮೇಲೆ ‘ಇದು ವಾಸನಿ ಬರಾಕತ್ತೈತ್ರಿ’ ಎಂದು ತಂದು ನನ್ನ ಮುಂದಿಟ್ಟಳು. ಹಂದಿಯನ್ನು ಮಾತ್ರ, ವರಾಹಾವತಾರ ಎಂದು ಎಷ್ಟು ಹೇಳಿದರೂ ಯಾರೂ ಮನೆಗೆ ಒಯ್ಯಲಿಲ್ಲ. ಮೂರೂ ಅಂಗಡಿಯಲ್ಲಿ ಹಂದಿಗಳು ಸಾಲಾಗಿ ನಿಂತು ಗಿರಾಕಿಗಳನ್ನು ನೋಡುತ್ತಿದ್ದವು.

ಹಂದಿಯ ಮಾತು ಬಂದರೆ ಮಲಗೌಡರನ್ನು ಬಿಡುವಂತಿಲ್ಲ. ಮೂಡಲಗಿ ಹತ್ತಿರದ ಹಳ್ಳಿಯವರು, ಹಿಂದೆ ಪಂಚಾಯ್ತಿ ಅಧ್ಯಕ್ಷರಾಗಿದ್ದವರು. ನಾಲ್ಕು ಮಂದಿ ಹಿಂಬಾಲಕರೊಡನೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ನಮ್ಮ ಹುಲಿ ಕೊಡ್ರಿ” ಎಂದರು. ಅವರ ಮನೆಯಲ್ಲಿ ಜಾತಕ ಬರೆಸಿಟ್ಟಿದ್ದರು. ಅವರು ವರ್ಷ ಹೇಳಿದರು. ನಾನು ಗೋಡೆಯ ಹಾಳೆ ನೋಡಿದೆ. ಇನ್ನೊಮ್ಮೆ ನೋಡಿದೆ.

“ಗೌಡ್ರ, ನಿಮ್ಮದು... ವರಾಹ ಬರತೈತ್ರಿ.”

“ವರಾಹ ಅಂದ್ರ?”

ಹಿಂಬಾಲಕರಲ್ಲಿ ಒಬ್ಬನಿಗೆ ತಡೆಯಲಾಗಲಿಲ್ಲ. “ಹಂದಿ ರಿ ಗೌಡ್ರ” ಎಂದುಬಿಟ್ಟ. ಅವನು ಆಮೇಲೆ ಆ ಗುಂಪಿನಲ್ಲಿ ಕಾಣಿಸಲಿಲ್ಲ.

ಗೌಡರು ಮುಖ ಕೆಂಪು ಮಾಡಿ ಎದ್ದು ಹೋದರು. ಮೂರನೆಯ ಬುಧವಾರ ಮತ್ತೆ ಬಂದರು. ಕೈಯಲ್ಲಿ ಅಫಿಡವಿಟ್! ಜಾತಕ ಬರೆದವರು ಕಣ್ಣು ಕಾಣದ ಮುದುಕರೆಂದೂ, ತಾವು ಹುಟ್ಟಿದ್ದು ಮೂರು ವರ್ಷ ತಡವಾಗಿಯೆಂದೂ ಅದರಲ್ಲಿತ್ತು. ಹಂದಿ, ಇಲಿ, ಎತ್ತು, ಆಮೇಲೆ ಹುಲಿ. ಬರೋಬ್ಬರಿ ಮೂರು ವರ್ಷ. ವಕೀಲರಿಂದ ಲೆಕ್ಕ ಹಾಕಿಸಿಕೊಂಡು ಬಂದಿದ್ದರು.

ಆ ದಿನ ಅವರ ಜೊತೆ ತಮ್ಮ ಬಾಳಗೌಡರೂ ಬಂದಿದ್ದರು. ಅಣ್ಣನಿಗಿಂತ ಎರಡು ವರ್ಷ ಚಿಕ್ಕವರು, ಮಾತು ಕಡಿಮೆ. ಅಫಿಡವಿಟ್ ಓದಿ ಬೆರಳು ಮಡಚಿ ಎಣಿಸಿದರು. “ಅಣ್ಣಾ, ನೀ ಮೂರು ವರ್ಷ ಸಣ್ಣಾಂವ ಆದ್ರ ನನಗಿಂತ ಒಂದು ವರ್ಷ ಸಣ್ಣಾಂವ ಆದಿ” ಎಂದರು.

“ಇದು ಬರೇ ನಾಣ್ಯದ ಸಲುವಾಗಿ ಮಾಡಿಸಿದ್ದೋ.”

“ಸ್ಟ್ಯಾಂಪ್ ಪೇಪರ್ ಮ್ಯಾಲ ಐತಿ. ಇನ್ನ ಮ್ಯಾಲ ಮನ್ಯಾಗ ಹಿರ್ಯಾಂವ ನಾ. ಪಂಗತಿಗೆ ಮೊದಲ ನಾ ಕೂಡ್ತೇನಿ. ನೀ ನನಗ ಅಣ್ಣಾ ಅನ್ನು.”

ಗೌಡರು ಹುಲಿಯನ್ನು ಒಯ್ದರು. ಆದರೆ ಮುಂದೆ ಎಷ್ಟೋ ದಿನ ಅವರ ಮನೆಯಲ್ಲಿ ಊಟಕ್ಕೆ ಮೊದಲು ಕೂಡುವವರು ಯಾರು ಎಂಬ ತಕರಾರು ನಡೆಯಿತಂತೆ.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆ. ನನ್ನ ನಗು ನಿಂತದ್ದು ಎರಡನೆಯ ಪೆಟ್ಟಿಗೆಯಿಂದ.

ಮಲಗೌಡರು ಅಫಿಡವಿಟ್ ತರುವ ಮೊದಲೇ ಮೊದಲ ಪೆಟ್ಟಿಗೆಯ ಹುಲಿಗಳು ಮುಗಿದಿದ್ದವು. ಆಗ ಬೂಟು ಹಾಕಿಕೊಂಡ ಒಬ್ಬ ಏಜೆಂಟ ಬಂದ. ಅದೇ ನಾಣ್ಯ, ಅದೇ ಡಬ್ಬಿ, ಬೆಲೆ ಮಾತ್ರ ಕಡಿಮೆ. ಪ್ರತಿ ಡಬ್ಬಿಗೆ ಒಂದು ಪ್ರಮಾಣಪತ್ರ, ಅದಕ್ಕೆ ಬಂಗಾರದ ಬಣ್ಣದ ಮುದ್ರೆ. ನಮ್ಮಲ್ಲಿ ಏನೇ ಮಾಲು ಬಂದರೂ ನಾನು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮಾರಾಟಕ್ಕೆ ಹೋಗಬೇಕು. ಬಿಲ್ಲಿನ ಮೇಲೂ ನನ್ನ ಸಹಿ ಇರುತ್ತಿತ್ತು.

“ನೋಡ್ರಿ ಬಾಯಾರ” ಎಂದರು ಸಾವ್ಕಾರರು.

ನೋಡಬೇಕೆಂದರೆ ಒಂದು ಡಬ್ಬಿ ಒಡೆಯಬೇಕು. ಮಾಸ್ತರರ ಮುಖ ಕಣ್ಣ ಮುಂದೆ ಬಂತು. “ಒಡದ್ರ ಬೆಲಿ ಹೋಗತೈತ್ರಿ ಸಾವ್ಕಾರ್ರ” ಎಂದೆ. ಡಬ್ಬಿಯ ಹೊರಗಿನಿಂದ ಭೂತಗನ್ನಡಿ ಹಿಡಿದು ನೋಡಿದೆ. ಹುಲಿಯ ಪಟ್ಟೆ ಸ್ವಲ್ಪ ಮಂದ ಅನ್ನಿಸಿತು. ಪ್ಲಾಸ್ಟಿಕ್ಕು ಮಸುಕಾಗಿರಬೇಕು ಎಂದುಕೊಂಡು ಸಹಿ ಹಾಕಿದೆ. ಮೊದಲ ಸಲ ಮುಟ್ಟಬಾರದ್ದನ್ನು ಮುಟ್ಟಿದೆ, ಎರಡನೆಯ ಸಲ ಮುಟ್ಟಬೇಕಾದ್ದನ್ನು ಮುಟ್ಟಲಿಲ್ಲ. ಮೊದಲನೆಯದಕ್ಕೆ ಒಬ್ಬ ಮಾಸ್ತರರು ನೊಂದರು. ಎರಡನೆಯದು ಮೂರು ಊರಿಗೆ ಹಂಚಿಹೋಯಿತು.

ಇಲ್ಲಿ ಯಂತ್ರದ ಮಾತನ್ನೂ ಹೇಳಿಬಿಡುತ್ತೇನೆ. ನಾನು ಸೇರಿದಾಗ ಕಲ್ಲು, ಆಮ್ಲ. ಆಮೇಲೆ ಅಪ್ಪನ ಹಳೆಯ ಪುಸ್ತಕ ನೋಡಿ ನೀರಿನ ತೂಕ ಕಲಿತೆ. ತಕ್ಕಡಿಯ ಮೇಲೆ ನೀರಿನ ಬಟ್ಟಲು ಇಟ್ಟು, ದಾರ ಕಟ್ಟಿದ ವಸ್ತುವನ್ನು ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟರೆ ತಕ್ಕಡಿಯ ಅಂಕಿ ಏರುತ್ತದೆ. ಬೆಳ್ಳಿ ಒತ್ತಾದ ಲೋಹ, ಕಡಿಮೆ ಏರಿಸುತ್ತದೆ. ಅಷ್ಟೇ ತೂಕದ ತಾಮ್ರ ಹೆಚ್ಚು ಜಾಗ ಹಿಡಿಯುವುದರಿಂದ ಹೆಚ್ಚು ಏರಿಸುತ್ತದೆ. ನಾನು ನಿವೃತ್ತಳಾಗುವ ಹಿಂದಿನ ವರ್ಷ ಹುಕ್ಕೇರಿ ಅಂಗಡಿಗೆ ದೊಡ್ಡ ಯಂತ್ರ ಬಂತು. ವಸ್ತುವನ್ನು ಒಳಗಿಟ್ಟು ಗುಂಡಿ ಒತ್ತಿದರೆ ಪರದೆಯ ಮೇಲೆ ಅಂಕಿ. ಸಾವ್ಕಾರರು ಅದಕ್ಕೆ ಮೊಸಂಬಿ ಬಣ್ಣದ ಹೊದಿಕೆ ಹೊಲಿಸಿ, ಪ್ರತಿ ಶುಕ್ರವಾರ ಊದಿನಕಡ್ಡಿ ಹಚ್ಚುತ್ತಿದ್ದರು. “ಇನ್ನ ನಿಮ್ಮ ನೀರು, ಕಲ್ಲು ಎಲ್ಲಾ ಬಂದ್ ರಿ ಬಾಯಾರ” ಎಂದಿದ್ದರು.

ಆ ಯಂತ್ರದ ಮುಂದೆಯೇ ನಡೆಯಿತು ನಾನು ಹೇಳಬೇಕೆಂದಿರುವ ಪ್ರಸಂಗ.

ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಬಸವರಾಜ ಎಂಬುವನ ಟೈರ್ ಅಂಗಡಿ ಇದೆ. ಅವನಿಗೆ ಹುಕ್ಕೇರಿ ಸರ್ಕಾರಿ ದವಾಖಾನೆಯ ನರ್ಸ್ ರೇಣುಕಾಳನ್ನು ಗೊತ್ತುಮಾಡಿದ್ದರು. ಹುಡುಗನ ತಾಯಿ ಶಾಂತವ್ವ ನಮ್ಮ ಹಳೆಯ ಗಿರಾಕಿ. ಮಾತುಕತೆ ಮುಗಿದ ಸಂತೋಷದಲ್ಲಿ ಹುಡುಗ ಹುಡುಗಿಗೆ ಒಂದೊಂದು ನಾಣ್ಯ ಒಯ್ದಳು. ಅವನ ವರ್ಷಕ್ಕೆ ಕುರಿ, ಅವಳ ವರ್ಷಕ್ಕೆ ಹುಲಿ. ಹುಲಿಯನ್ನು ರೇಣುಕಾಳ ಮನೆಗೆ ಹೋಗಿ ಅವಳ ಕೈಯಲ್ಲೇ ಕೊಟ್ಟು ಬಂದಿದ್ದಳು.

ಎರಡು ವಾರದ ಮೇಲೆ ಶಾಂತವ್ವ ಮುಖ ಬಾಡಿಸಿಕೊಂಡು ಹುಕ್ಕೇರಿ ಅಂಗಡಿಗೆ ಬಂದಳು. ಪಂಚಾಂಗ ನೋಡುವವರೊಬ್ಬರಿಗೆ ನಾಣ್ಯದ ಸುದ್ದಿ ಹೇಳಿದ್ದಳಂತೆ. ನಮ್ಮ ಪಂಚಾಂಗದಲ್ಲೂ ಗಂಡುಹೆಣ್ಣಿನ ನಕ್ಷತ್ರಕ್ಕೆ ಪ್ರಾಣಿ ಕೂಡಿಸಿ ಹೊಂದಾಣಿಕೆ ನೋಡುವ ರೂಢಿ ಇದೆಯಲ್ಲ? ಆ ಮಹಾನುಭಾವರು ಚೀನಾವನ್ನೂ ಅದರೊಳಗೆ ಸೇರಿಸಿಕೊಂಡರು.

“ಹುಲಿ ಕುರೀನ ತಿಂತೈತಿ ಅಂದ್ರು ರಿ ಬಾಯಾರ. ನಿಮ್ಮ ಗ್ವಾಡಿ ಮ್ಯಾಲೂ ಬರದೈತೆಲ್ಲ, ಹುಲಿಗೆ ಸಿಟ್ಟು, ಅಧಿಕಾರ ಅಂತ! ನನ್ನ ಮಗ ಮೊದ್ಲ ಮೆತ್ತಗಿನಾಂವ. ಆ ಹುಲಿ ತಗೊಂಡು ಮೊಲ ಕೊಡಾಕ ಬರತೈತೇನ್ರಿ?”

“ನಾಣ್ಯಾ ಬದ್ಲಿ ಮಾಡಬಹುದು ಶಾಂತವ್ವಾ. ಹುಡುಗಿ ಹುಟ್ಟಿದ ವರ್ಷ ಹೆಂಗ ಬದ್ಲಿ ಮಾಡ್ತಿ?”

“ಹಂಗಾದ್ರ ಹುಡುಗೀನ ಬದ್ಲಿ ಮಾಡೂದು.”

ಗೋಡೆಯ ಮೇಲಿನ ಅಕ್ಷರ ನನ್ನವು. ‘ಅದು ಸುಳ್ಳು ಶಾಂತವ್ವಾ, ಸಾವ್ಕಾರರು ಹಲ್ಲು ಚುಚ್ಚಿಕೊಳ್ಳುತ್ತ ಹೇಳಿದ್ದನ್ನು ನಾನು ಬರೆದದ್ದು’ ಎಂದು ಆ ಕ್ಷಣವೇ ಹೇಳಬೇಕಿತ್ತು. ಅಂಗಡಿಯಲ್ಲಿ ಗಿರಾಕಿಗಳು ಇದ್ದರು. ಸುಮ್ಮನಿದ್ದೆ. ಶಾಂತವ್ವ ಅಲ್ಲಿಂದಲೇ ಹುಡುಗಿಗೆ ಫೋನು ಹಚ್ಚಿ, ಸಂಬಂಧ ಕೂಡುವುದಿಲ್ಲವೆಂದೂ, ಬರುವ ಶುಕ್ರವಾರ ಹುಲಿಯನ್ನು ಅಂಗಡಿಗೆ ಮುಟ್ಟಿಸಬೇಕೆಂದೂ ಹೇಳಿದಳು. ಹಾಲಿನವನಿಗೆ ನಾಳೆಯಿಂದ ಹಾಲು ಬೇಡ ಎಂದು ಹೇಳುವ ಧ್ವನಿ.

ಶುಕ್ರವಾರ ಶಾಂತವ್ವ ಮೊದಲೇ ಬಂದು ಕೂತಿದ್ದಳು. ಸಾವ್ಕಾರರೂ ಯಂತ್ರಕ್ಕೆ ಊದಿನಕಡ್ಡಿ ಹಚ್ಚಲು ಬಂದಿದ್ದರು. ರೇಣುಕಾ ಡ್ಯೂಟಿಯ ನಡುವೆ ಬಿಳಿ ಕೋಟಿನಲ್ಲೇ ಬಂದಳು. ಅಳು, ಜಗಳ ಏನೂ ಇಲ್ಲ. ಡಬ್ಬಿಯನ್ನು ನನ್ನ ಮುಂದಿಟ್ಟಳು.

“ಬಾಯಾರ, ಇದನ್ನ ವಾಪಸ್ ಕೊಡಾಕತ್ತೇನಿ. ಆದ್ರ ಮೊದ್ಲ ಎಲ್ಲಾರ ಮುಂದ ಪರೀಕ್ಷಾ ಮಾಡ್ರಿ. ಆಕಿ ಬದ್ಲಿ ಮಾಡಿ ಕೊಟ್ಟಾಳ ಅಂತ ನಾಳೆ ಯಾರೂ ಅನಬಾರ್ದು.”

ಸಾವ್ಕಾರರಿಗೆ ಯಂತ್ರ ತೋರಿಸುವ ಅವಕಾಶ ಸಿಕ್ಕಿತು. “ಒಡೀರಿ ಬಾಯಾರ, ಯಂತ್ರದಾಗ ಇಡ್ರಿ. ನೋಡ್ಲಿ ಎಲ್ಲಾರೂ.” ಒಡೆದೆ. ಯಂತ್ರ ಗುಂಯ್ ಎಂದು ಪರದೆಯ ಮೇಲೆ ಅಪ್ಪಟ ಬೆಳ್ಳಿಯ ಅಂಕಿ ತೋರಿಸಿತು. “ಮುಗೀತು. ಶಂಬರ್ ಟಕ್ಕೆ, ನೂರಕ್ಕ ನೂರು ಬೆಳ್ಳಿ” ಎಂದು ಸಾವ್ಕಾರರು ಕೈ ಝಾಡಿಸಿದರು.

ನನಗೆ ಮುಗಿಯಲಿಲ್ಲ. ನಾಣ್ಯವನ್ನು ಹೊರಗೆ ತೆಗೆಯುವಾಗ ಅಂಚು ದಪ್ಪ ಅನ್ನಿಸಿತು. ಮೇಜಿನ ಮೇಲೆ ಮೆಲ್ಲಗೆ ಬೀಳಿಸಿದೆ. ಬೆಳ್ಳಿ ಠಣ್ ಎಂದು ಎಳೆದು ನುಡಿಯುತ್ತದೆ. ಇದು ಟಪ್ ಎಂದು ಸುಮ್ಮನಾಯಿತು. ಯಂತ್ರ ನೋಡುವುದು ಮೇಲಿನ ಚರ್ಮ ಮಾತ್ರ. ಲೇಪ ದಪ್ಪಗಿದ್ದರೆ ಒಳಗೇನಿದೆ ಎಂದು ಅದಕ್ಕೆ ತಿಳಿಯುವುದಿಲ್ಲ.

“ನೀರು ತರಸ್ರಿ” ಎಂದೆ.

“ಯಾಕ್ರಿ ಬಾಯಾರ? ಯಂತ್ರ ಹೇಳೈತೆಲ್ಲ” ಎಂದರು ಸಾವ್ಕಾರರು. ಬಾಯಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಬೆಳ್ಳಿ ಎಂದರೆ ಎಲ್ಲರೂ ಮನೆಗೆ ಹೋಗುತ್ತಿದ್ದರು. ನನ್ನ ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ಒಳಗೆ ಎದ್ದು ಹೋಗಿ ನಾನೇ ಬಟ್ಟಲು ತಂದೆ. ಮೂವತ್ತೊಂದು ಗ್ರಾಮಿನ ಈ ನಾಣ್ಯ ಬೆಳ್ಳಿಯಾಗಿದ್ದರೆ ತಕ್ಕಡಿ ಮೂರು ಗ್ರಾಮಿಗೆ ಸ್ವಲ್ಪ ಕೆಳಗೆ ನಿಲ್ಲಬೇಕು. ಮೂರೂವರೆಗೆ ಏರಿ ನಿಂತಿತು. ಒಳಗೆ ತಾಮ್ರ.

“ಇದು ಬೆಳ್ಳಿ ಅಲ್ಲ. ಬೆಳ್ಳಿ ನೀರು ಕುಡಿಸಿದ ತಾಮ್ರ” ಎಂದೆ.

ಶಾಂತವ್ವ ಎದ್ದು ನಿಂತಳು. “ನೋಡ್ರಿ! ನಾ ಕೊಟ್ಟದ್ದು ಬೆಳ್ಳಿ. ಬಿಲ್ ಐತಿ, ಬಾಯಾರ ಸಹಿ ಐತಿ. ಈಕಿ ಬದ್ಲಿ ಮಾಡ್ಯಾಳ. ಹುಲಿ ಅಂದ್ರ ಸುಮ್ಮನ ಅಂದಾರೇನು?”

ಹುಡುಗಿ ಯಾವುದಕ್ಕೆ ಹೆದರಿ ಬಂದಿದ್ದಳೋ ಅದೇ ಆಯಿತು. ಅವಳು ಶಾಂತವ್ವನತ್ತ ನೋಡಲಿಲ್ಲ, ನನ್ನತ್ತ ನೋಡಿದಳು. ಸಾವ್ಕಾರರೂ ನನ್ನತ್ತಲೇ ನೋಡುತ್ತಿದ್ದರು. ಅಂಗಡಿ ಉಳಿಯುವ ದಾರಿ ಅವರಿಗೆ ಆಗಲೇ ಕಂಡಿತ್ತು. ಆಪಾದನೆ ಹುಡುಗಿಯ ಮೇಲೆ ಹೋದರೆ ಹೋಗಲಿ.

ನಾನು ಎದ್ದು ಕಪಾಟಿನ ಬೀಗ ತೆಗೆದೆ. ಅದೇ ಪೆಟ್ಟಿಗೆಯ ಇನ್ನೊಂದು ಹುಲಿ ತೆಗೆದುಕೊಂಡೆ. “ಬಾಯಾರ, ಅದು ಅಂಗಡಿ ಮಾಲು!” ಎಂದು ಸಾವ್ಕಾರರು ಒದರಿದರು. ಇಕ್ಕಳ ಹಿಡಿದು ಡಬ್ಬಿ ಒಡೆದೆ. ಯಂತ್ರಕ್ಕೆ ಇಟ್ಟೆ: ಅಪ್ಪಟ ಬೆಳ್ಳಿ. ನೀರಿಗೆ ಬಿಟ್ಟೆ: ಮೂರೂವರೆ. ಇನ್ನೊಂದು ಒಡೆದೆ. ಮೂರೂವರೆ. ಸಾಲಿನಲ್ಲಿದ್ದ ಹಂದಿಯನ್ನೂ ಒಡೆದೆ. ಅದು ಮೊದಲ ಪೆಟ್ಟಿಗೆಯದು, ಯಾರೂ ಒಯ್ಯದೆ ಉಳಿದದ್ದು. ತಕ್ಕಡಿ ಮೂರರ ಕೆಳಗೆ ನಿಂತಿತು. ಅಂಗಡಿಯಲ್ಲಿ ಖರೆ ಉಳಿದದ್ದು ಹಂದಿಗಳು ಮಾತ್ರ.

“ಹುಡುಗಿ ಏನೂ ಬದ್ಲಿ ಮಾಡಿಲ್ಲ ಶಾಂತವ್ವಾ” ಎಂದೆ. “ನಾವು ಕೊಟ್ಟದ್ದ ಖೋಟಾ. ನೋಡದ ಸಹಿ ಹಾಕಿದಾಕಿ ನಾ. ಗ್ವಾಡಿ ಮ್ಯಾಲ ಹುಲಿಗೆ ಸಿಟ್ಟು ಅಂತ ಬರದಾಕಿನೂ ನಾ. ಅದನ್ನ ಚೀನಾದವರು ಹೇಳಿಲ್ಲ, ಈ ಸಾವ್ಕಾರ್ರು ಹೇಳ್ಯಾರ.” ಹಾಳೆಯನ್ನು ಗೋಡೆಯಿಂದ ಕಿತ್ತೆ. ಅಂಟು ಗಟ್ಟಿಯಿತ್ತು, ಅರ್ಧ ಮಾತ್ರ ಬಂತು.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವಳು ಶಾಂತವ್ವ. ಮುಖ ಅರಳಿತು.

“ಅಂದ್ರ ಹುಲಿ ಖೋಟಾ ಅಂದಂಗಾತು. ಹುಲಿ ಖೋಟಾ ಆದ್ರ ದೋಷಾನೂ ಖೋಟಾ! ಹಂಗಾದ್ರ ಅಡ್ಡಿ ಏನೈತಿ? ರೇಣುಕಾ, ನಡಿಯವಾ, ತಾರೀಕ ಹಿಡಿಯೂನು.”

ಮೂವತ್ತೆರಡು ವರ್ಷದಲ್ಲಿ ಎಷ್ಟೋ ಥರದ ಲೇಪ ನೋಡಿದ್ದೇನೆ, ಇಷ್ಟು ಬೇಗ ಹೊಳಪು ಬಂದದ್ದನ್ನು ನೋಡಿರಲಿಲ್ಲ.

ರೇಣುಕಾ ಗಡಿಯಾರ ನೋಡಿದಳು. “ನಾಣ್ಯಾ ಎಂಥಾದು ಅಂತ ನೋಡಾಕ ಇವರು ಒಡದು, ತೂಗಿ, ನೀರಾಗ ಬಿಟ್ಟು ನೋಡಿದ್ರು. ನಾ ಎಂಥಾಕಿ ಅಂತ ನೋಡಾಕ ನೀವು ಗ್ವಾಡಿ ನೋಡಿದ್ರಿ. ನನಗ ಡ್ಯೂಟಿ ಐತ್ರಿ, ಬರ್ತೇನಿ” ಎಂದು ಹೊರಟ ಮೇಲೆ, ಬಾಗಿಲಲ್ಲಿ ತಿರುಗಿ ನನಗೊಂದು ಮಾತು ಹೇಳಿದಳು: “ಸಹಿ ಹಾಕೂ ಮೊದ್ಲ ನೋಡ್ರಿ ಬಾಯಾರ. ನಾವು ದವಾಖಾನ್ಯಾಗ ನೋಡದ ಸೂಜಿ ಚುಚ್ಚಂಗಿಲ್ಲ.”

ಆ ಮಾತು ನನಗೆ ಸಲ್ಲಬೇಕಾದದ್ದೇ.

ಸಾವ್ಕಾರರು ಗಿರಾಕಿಗಳು ಹೋಗುವವರೆಗೆ ತಡೆದುಕೊಂಡರು. “ನನ್ನ ಮೂಗು ಕೊಯ್ದ್ರಿ ಬಾಯಾರ. ಇಷ್ಟು ವರ್ಷ ಅನ್ನ ಹಾಕಿದ ಅಂಗಡಿ ಇದು” ಎಂದರು. “ಮಾರಿದ ಹುಲಿ ಎಲ್ಲಾ ವಾಪಸ್ ತಗೊಂಡು ಬೆಳ್ಳಿ ಕೊಡ್ರಿ, ಮೂಗು ಉಳಿತೈತಿ. ಇಲ್ಲಾಂದ್ರ ಒಬ್ಬೊಬ್ಬರ ಮನಿಗೆ ನಾನ ಹೋಗಿ ಹೇಳ್ತೇನಿ” ಎಂದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಬೋರ್ಡು ಬಂದಿತ್ತು: ‘ಖೋಟಾ ನಾಣ್ಯದಿಂದ ಎಚ್ಚರ! ನಮ್ಮಲ್ಲಿ ನೀರಿನ ಪರೀಕ್ಷೆ ಉಚಿತ.’ ಹೀಗೆ ಅವಮಾನವನ್ನೂ ಜಾಹೀರಾತು ಮಾಡಿಕೊಂಡ ಬುದ್ಧಿಗೆ ನಾನು ಕೈಮುಗಿದೆ. ಏಜೆಂಟನ ಫೋನು ಮಾತ್ರ ಮತ್ತೆ ಹತ್ತಲಿಲ್ಲ.

ವಾಪಸು ತರುವವರ ಸಾಲು ನಿಲ್ಲುತ್ತದೆ ಎಂದುಕೊಂಡಿದ್ದೆ. ಬಂದವರು ಕೆಲವರೇ, ಹೆಚ್ಚಿನವರು ಹೆಣ್ಣುಮಕ್ಕಳು. ಹುಲಿ ಗಂಡಸರು ಬರಲಿಲ್ಲ. ಮೂಡಲಗಿಯಲ್ಲಿ ಮಲಗೌಡರಿಗೆ ನಾನೇ ಹೇಳಿದೆ. “ಗೌಡ್ರ, ನಿಮ್ಮದೂ ಎರಡನೇ ಪೆಟಿಗ್ಯಾಂದು. ತರ್ರಿ, ಬೆಳ್ಳೀದು ಕೊಡ್ತಾರ.” ಗೌಡರು ಮೀಸೆಯ ಮೇಲೆ ಕೈ ಹಾಕಿದರು. “ನಂದು ಖರೆ ಐತ್ರಿ. ಅಫಿಡವಿಟ್ ಮಾಡಿಸಿ ತಗೊಂಡದ್ದು, ಅದಕ್ಕ ಪರೀಕ್ಷಾ ಬ್ಯಾಡ.” ಇಂದಿಗೂ ಅವರ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಆ ತಾಮ್ರ ಇದೆ.

ಗುರುಸಿದ್ದಪ್ಪ ಮಾಸ್ತರರು ಸುದ್ದಿ ಕೇಳಿ ಬಂದರು. ನಾನು ಎಲ್ಲವನ್ನೂ ಹೇಳಿದೆ. “ನಾ ಮುಟ್ಟಬ್ಯಾಡ್ರಿ ಅಂದದ್ದು ನನ್ನ ಕುದರೀಗಿ. ಮಾರೂ ಮಾಲಿಗೆ ಅಲ್ರಿ” ಎಂದರು. ಇಷ್ಟು ಸರಳ ವ್ಯತ್ಯಾಸ ತಿಳಿಯಲು ನನಗೆ ಅಷ್ಟು ಹುಲಿ ಬೇಕಾದವು.

ಇದಾಗಿ ತಿಂಗಳ ಮೇಲೆ ಬಸವರಾಜ ಒಬ್ಬನೇ ಹುಕ್ಕೇರಿ ಅಂಗಡಿಗೆ ಬಂದ. ಎತ್ತರದ ಆಳು, ಕೈಯೆಲ್ಲ ಟೈರಿನ ಕಪ್ಪು. ಕುರಿಯ ನಾಣ್ಯ ಮುಂದಿಟ್ಟ. ಪರೀಕ್ಷಿಸಿದೆ. ಅದು ಮೊದಲ ಪೆಟ್ಟಿಗೆಯದು, ಬೆಳ್ಳಿಯೇ. ಆದರೂ ಅವನು ಎದ್ದು ಹೋಗಲಿಲ್ಲ.

“ಬಾಯಾರ, ಆಕಿಗೆ ಭಾಳ ಸಿಟ್ಟ ಬಂದೈತೇನ್ರಿ?”

“ನನ್ನ ಕೇಳಿದ್ರ? ಆಕೀನ ಕೇಳು.”

“ಬೈತಾಳ್ರಿ.”

“ಬೈಸ್ಕೋ. ನಿಮ್ಮವ್ವ ಫೋನ್ ಮಾಡಿದಾಗ ನೀ ಎಲ್ಲಿದ್ದಿ?”

“ಲಾರಿ ಕೆಳಗಿದ್ನಿ ರಿ” ಎಂದ. ಆಮೇಲೆ ತಾನೇ ತಲೆ ತಗ್ಗಿಸಿದ. “ಹೊರಗ ಬಂದ ಮ್ಯಾಲೂ ಸುಮ್ನಿದ್ನಿ.”

ಅವನು ಹೋಗಿ ಏನು ಮಾಡಿದ ಎಂಬುದನ್ನು ರೇಣುಕಾಳೇ ನನಗೆ ಮುಂದೆ ಹೇಳಿದಳು. ಅವಳೊಡನೆ ನೇರವಾಗಿ ಮಾತಾಡುವ ಧೈರ್ಯವಿಲ್ಲದೆ ದವಾಖಾನೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತನಂತೆ. ಟೈರ್ ಬಿಚ್ಚುವಾಗ ತುಕ್ಕು ಹಿಡಿದ ಮೊಳೆ ಕಾಲಿಗೆ ಚುಚ್ಚಿದೆ ಎಂದು ಡಾಕ್ಟರಿಗೆ ಹೇಳಿದನಂತೆ. ಹೊರಗೆ ಜಾತ್ರೆಯಷ್ಟು ಜನ, ಡಾಕ್ಟರು ಕಾಲು ನೋಡದೆ ಧನುರ್ವಾತದ ಇಂಜೆಕ್ಷನ್ ಬರೆದು ಸೂಜಿ ಕೋಣೆಗೆ ಕಳಿಸಿದರಂತೆ. ಅಲ್ಲಿ ಇವಳು.

ರೇಣುಕಾ ಚೀಟಿ ಓದಿದಳು, ಅವನ ಮುಖ ನೋಡಿದಳು. “ತೋಳ ಮ್ಯಾಲ ಮಾಡ್ರಿ” ಎಂದು ಮೊದಲು ಸೂಜಿ ಚುಚ್ಚಿದಳು. ಹತ್ತಿ ಒತ್ತಿ ಹಿಡಿದು ಆಮೇಲೆ ಕೇಳಿದಳು, “ಈಗ ತೋರಸ್ರಿ, ಮೊಳಿ ಎಲ್ಲಿ ಚುಚ್ಚೈತಿ?”

ಎರಡೂ ಪಾದ ನೋಡಿದರೂ ಗಾಯ ಇರಲಿಲ್ಲ. “ಸುಳ್ಳ ಹೇಳಿ ಬಂದೇನ್ರಿ. ತಪ್ಪಾತು ಅಂತ ಹೇಳಾಕ ಬಂದಿದ್ನಿ” ಎಂದನಂತೆ. “ಅದನ್ನ ಮೊದ್ಲ ಹೇಳಿದ್ರ ಸೂಜಿ ಉಳೀತಿತ್ತು” ಎಂದು ಮುಂದಿನವರನ್ನು ಕರೆದಳಂತೆ. ಅವನು ಆಮೇಲೆ ಐದಾರು ಸಲ ಹೋದ. ಚೀಟಿ ಮಾಡಿಸಲಿಲ್ಲ, ಗೇಟಿನ ಹೊರಗೆ ನಿಂತು ಡ್ಯೂಟಿ ಮುಗಿಯುವುದನ್ನು ಕಾದ. ತಾಯಿಯ ಮುಂದೆ ಮೊದಲ ಸಲ ಬಾಯಿ ತೆಗೆದು, ಲಗ್ನವಾದರೆ ಈಕೆಯನ್ನೇ, ಇಲ್ಲವಾದರೆ ಲಗ್ನವೇ ಬೇಡ ಎಂದ.

ಲಗ್ನ ಆಯಿತು. ರೇಣುಕಾ ಒಂದೇ ಷರತ್ತು ಹಾಕಿದ್ದಳು, ನೌಕರಿ ಬಿಡುವುದಿಲ್ಲ ಎಂದು. ನಾನು ಅಷ್ಟರಲ್ಲಿ ನಿವೃತ್ತಳಾಗಿದ್ದೆ, ಊಟಕ್ಕೆ ಹೋಗಿದ್ದೆ. ಶಾಂತವ್ವ ನನ್ನನ್ನು ಕಂಡು ಮುಖ ತಿರುಗಿಸಿದಳು. ಆದರೂ ಹೋಳಿಗೆಗೆ ತುಪ್ಪ ತಾನೇ ಬಂದು ಹಾಕಿದಳು.

ಹೋದ ತಿಂಗಳು ಕಣ್ಣು ತೋರಿಸಲು ಹುಕ್ಕೇರಿ ದವಾಖಾನೆಗೆ ಹೋಗಿದ್ದೆ. ಶಾಂತವ್ವನಿಗೆ ಈಗ ಬಿಪಿ. ಮಗನ ಮೋಟರ್‌ಸೈಕಲ್ಲಿನಲ್ಲಿ ಹತ್ತರಗಿಯಿಂದ ವಾರಕ್ಕೊಮ್ಮೆ ಬರುತ್ತಾಳೆ. ಅವತ್ತು ಬೇರೆ ನರ್ಸು ಕರೆದರೂ ಎದ್ದು ಹೋಗಲಿಲ್ಲ. “ನಮ್ಮಾಕಿ ಬರ್ಲಿ, ಆಕಿ ಬರೋಬ್ಬರಿ ನೋಡ್ತಾಳ” ಎಂದು ಬೆಂಚಿನ ಮೇಲೆ ಕುಪ್ಪಸದ ತೋಳು ಮೇಲೇರಿಸಿಕೊಂಡು ಕೂತಿದ್ದಳು. ರೇಣುಕಾ ಬಂದು ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

“ಮಾತಾಡಬ್ಯಾಡ್ರಿ ಅತ್ತೀ, ಅಂಕಿ ಏರತೈತಿ” ಎಂದಳು.

ಶಾಂತವ್ವ ಕೂಡಲೇ ಬಾಯಿ ಮುಚ್ಚಿದಳು.